ತುಂಬಿದ ಅಂಗಡಿ

(ರಾಯಚೂರಿನ ಒಂದು ಮನೆ. ತಿಂಗಳ ಸಂತೆಗೆ ಯಾದಿ ಬರೆಸುತ್ತಿರುವ ಅತ್ತೆ ದೇವದುರ್ಗದಲ್ಲಿ ಹುಟ್ಟಿ, ದೇವದುರ್ಗ, ಮಾನ್ವಿ ಸೀಮೆಯ ಶಾಲೆಗಳಲ್ಲಿ ಪಾಠ ಹೇಳಿ ನಿವೃತ್ತರಾದವರು. ಮನೆಗೆ ಬಂದಿರುವ ಅಳಿಯ ಬೆಂಗಳೂರಿನಲ್ಲಿ, ಫೋನಿನಲ್ಲಿ ಒತ್ತಿದರೆ ಮನೆಗೆ ದಿನಸಿ ಕಳಿಸುವ ಕಂಪನಿಯೊಂದರ ಗೋದಾಮಿನಲ್ಲಿ ಲೆಕ್ಕ ನೋಡುತ್ತಾನೆ.)

ಅಳಿಯ: ಅತ್ತಿ, ನಿಮ್ಮ ಓಣಿ ಮೂಲಿ ಅಂಗಡಿಯೊಳಗ ಇಬ್ರು ಎದುರುಬದುರಾದ್ರ ಒಬ್ರು ಹಿಂದ ಸರೀಬೇಕು. ಅದಕ್ಕ ನೀ ತುಂಬಿದ ಅಂಗಡಿ ಅಂತಿ. ನಮ್ಮ ಗೋದಾಮಿಗೆ ಒಮ್ಮಿ ಬಂದು ನೋಡು. ಸಾವಿರಗಟ್ಲೆ ನಮೂನಿ ಸಾಮಾನು, ಒಂದೊಂದಕ್ಕೂ ಖಾನೆ, ಖಾನೆಗೊಂದು ನಂಬರು.

ಅತ್ತಿ: ಊದು ಐತೇನು?

ಅಳಿಯ: ಊದಿನಕಡ್ಡಿ? ಬೇಕಾದಷ್ಟು ಕಂಪನೀವು ಅದಾವ.

ಅತ್ತಿ: ಕಡ್ಡಿ ಅಲ್ಲಪಾ, ಊದು. ಕೆಂಡದ ಮ್ಯಾಲ ಹಾಕೋದು. ಅಲಾಯಿ ದೇವ್ರು ಕುಂಡ್ರಿಸಿದ ದಿನದಿಂದ ಓಣಿಯವ್ರೆಲ್ಲ ಅದನ್ನೇ ಕೇಳ್ತಾರ. ಅದರ ಜೋಡಿ ಕೆಂಪು ಲಾಡಿ, ಓದಿಸಾಕ ಸಕ್ರಿ. ಮುದಗಲ್ಲಿನ ಮೊಹರಂಗೆ ಹೊರಟವ್ರು ಇಲ್ಲಿಂದನೇ ಕಟ್ಟಿಸ್ಕೊಂಡು ಹೋಗ್ತಾರ.

ಅಳಿಯ: ಅದು ಇಲ್ಲ.

ಅತ್ತಿ: ಪಂಚಮಿಗೆ ಕೊಬ್ಬರಿ ಬಟ್ಲ? ಪುಡಿ ಮಾಡಿ ಚೀಲದಾಗ ತುಂಬಿದ್ದು ಹೇಳಬ್ಯಾಡ. ಹುಡುಗ್ರು ದಾರ ಪೋಣಿಸಿ ಗಿರಗಿರ ತಿರುಗಿಸೋ ಇಡೀ ಬಟ್ಲ.

ಅಳಿಯ: ಅರ್ಧ ಹೋಳು ಸಿಗ್ತಾವ ಅಂತ ಕಾಣ್ತೈತಿ. ನೀ ಪರೀಕ್ಷೆ ತಗೊಳ್ಳಾಕ ಹತ್ತೀದಿ.

ಅತ್ತಿ: ಹೌದು, ಇನ್ನೊಂದು ಪ್ರಶ್ನೆ ಉಳದೈತಿ. ನಿಮ್ಮ ಪಕ್ಕದ ಮನ್ಯಾಗ ಇವತ್ತು ರಾತ್ರಿ ಹೆರಿಗೆ ಆತು ಅಂತ ತಿಳಿ. ಅಂಟು, ಅಳ್ವಿ, ಉತ್ತತ್ತಿ, ಗಸಗಸಿ, ಒಣ ಕೊಬ್ಬರಿ, ಬಜಿ, ಜಾಜಿಕಾಯಿ. ಇಷ್ಟೂ ಒಂದೇ ಕಡೆ, ಮನಿಗೆ ಬೇಕಾದಷ್ಟೇ ಅಳತಿಯಾಗ ಸಿಗ್ತಾವೇನು? ಇಲ್ಲಿ ‘ಬಾಣಂತಿ ಸಾಮಾನು’ ಅಂದ್ರ ಸಾಕು, ಸಾವಕಾರ್ರು ಕೇಳೋ ಮಾತು ಒಂದೇ: ಮೊದಲನೇದೋ ಎರಡನೇದೋ? ಅದರ ಮ್ಯಾಲ ಎಷ್ಟು ಕಟ್ಟಬೇಕು ಅಂತ ಅವ್ರೇ ತೀರ್ಮಾನ ಮಾಡ್ತಾರ.

ಅಳಿಯ: ನೋಡು, ಅಂಥಾ ಸಾಮಾನು ವರ್ಷಕ್ಕ ನಾಕು ಮಂದಿ ಕೇಳ್ತಾರ. ನಮ್ಮಲ್ಲಿ ಯಾವ ಸಾಮಾನು ಹೋಗೋದಿಲ್ಲೋ ಅದರ ಖಾನೆ ಖಾಲಿ ಮಾಡಿ ಹೋಗೋ ಸಾಮಾನು ಇಡ್ತಾರ. ಕುಂತ ಸಾಮಾನು ಅಂದ್ರ ಕುಂತ ರೊಕ್ಕ. ವ್ಯಾಪಾರದ ಮೊದಲ ಪಾಠ ಅದು.

ಅತ್ತಿ: ಆ ಪಾಠ ಇವ್ರಿಗೂ ಗೊತ್ತು. ಆದ್ರ ಬಾಣಂತಿ ಸಾಮಾನು ಸಿಗದ ಮನಿಯವ್ರು ಮುಂದಿನ ತಿಂಗಳ ಸಂತಿಗೆ ಬ್ಯಾರೆ ಅಂಗಡಿ ಹತ್ತತಾರ ಅನ್ನೋದೂ ಗೊತ್ತು. ಪಾವು ಕಿಲೋ ಅಂಟಿನಾಗ ಲಾಭ ಇರಲಿಕ್ಕಿಲ್ಲ, ಆ ಮನಿಯ ವರ್ಷದ ಜೋಳದಾಗ ಐತಿ. ನೀ ಒಂದೊಂದು ಸಾಮಾನಿನ ಲೆಕ್ಕ ಹಾಕ್ತಿ, ಅವ್ರು ಒಂದೊಂದು ಮನಿ ಲೆಕ್ಕ ಹಾಕ್ತಾರ. ಮಾನ್ವಿಗೆ ಹೋಗಿ ನೋಡು. ತುಂಗಭದ್ರಾ ಎಡದಂಡಿ ಕಾಲುವಿ ನೀರು ಬಂದ ಮ್ಯಾಲ ಆಂಧ್ರದ ಕಡೆಯಿಂದ ಬಂದು ಭತ್ತ ಹಚ್ಚಿದವ್ರ ಕ್ಯಾಂಪುಗಳು ಅಲ್ಲಿ ಸುತ್ತಲೂ ಅದಾವ. ಬ್ಯಾಸಿಗಿ ಬಂತಂದ್ರ ಅಲ್ಲಿನ ಅಂಗಡಿಯವ್ರು ಸಾಸಿವಿ, ಮೆಂತೆ, ಎಳ್ಳೆಣ್ಣಿ, ಖಾರ ಇಷ್ಟನ್ನೂ ಮೂಟಿಗಟ್ಲೆ ತರಿಸಿ ಇಡ್ತಾರ, ಆವಕಾಯಿ ಹಾಕೋ ಕಾಲ ಅದು. ರಂಜಾನ್ ಹತ್ರ ಬಂತಂದ್ರ ಅದೇ ಜಾಗದಾಗ ಖರ್ಜೂರ, ಶಾವಿಗಿ, ಚಾರೋಳಿ. ಎಳ್ಳಮಾಸಿಗೆ ಸಜ್ಜಿ. ಖಾನೆ ಒಂದೇ, ತಿಂಗಳಿಗೊಮ್ಮಿ ಅದರ ಜಾತಕ ಬದಲಾಗ್ತೈತಿ.

ಅಳಿಯ: ಜಾತಕ ಬದಲಾಗೋದ್ರೊಳಗ ಹಿಂದಿನ ವರ್ಷದ ಶಾವಿಗಿ ಮೂಲ್ಯಾಗ ಉಳಿದು ಹುಳ ಬಿದ್ದಿರ್ತೈತಿ. ತಾರೀಖು ಮುಗಿದ ಬಿಸ್ಕೀಟು ಕೊಟ್ಟು ಕಳಿಸಿದ್ದು ನಾನೇ ಕಂಡೀನಿ.

ಅತ್ತಿ: ಅದು ಖರೆ. ಅದಕ್ಕ ನಾ ಪೊಟ್ಟಣ ಹಿಂದ ಮುಂದ ತಿರುವಿ ನೋಡದ ತಗೊಳ್ಳೋದಿಲ್ಲ. ಸಾವಕಾರ್ರು ಮಾರಿ ಸಣ್ಣ ಮಾಡಿದ್ರೂ ಚಿಂತಿಲ್ಲ.

ಅಳಿಯ: ಹಬ್ಬ, ಹೆರಿಗಿ ಬಿಡು. ದಿನಾ ತಿನ್ನೋ ಜೋಳ-ಅಕ್ಕಿಗೆ ಏನಂತಿ? ಅವು ಎಲ್ಲಿ ತಗೊಂಡ್ರೂ ಅವೇ ಅಲ್ಲೇನು?

ಅತ್ತಿ: ಅಲ್ಲ. ಅಲ್ಲೇ ನೀವು ಬೆಂಗಳೂರಿನವ್ರು ದಾರಿ ತಪ್ಪೋದು. ಜೋಳದ ಹಿಟ್ಟು ಅಂತ ಪ್ಯಾಕೆಟ್ ಮಾರ್ತೀರಲ್ಲ, ಅದು ಬೀಸಿ ಎಷ್ಟು ದಿನ ಆಗಿರ್ತೈತಿ?

ಅಳಿಯ: ತಿಂಗಳು, ಎರಡು ತಿಂಗಳು. ಅವಧಿಯೊಳಗ ಇರ್ತೈತಿ.

ಅತ್ತಿ: ಅವಧಿಯೊಳಗ ಇರ್ತೈತಿ, ರೊಟ್ಟಿ ಆಗೋದಿಲ್ಲ. ಜೋಳದ ಕಣ್ಣಿನಾಗ ಎಣ್ಣಿ ಅಂಶ ಐತಿ. ಬೀಸಿದ ಮ್ಯಾಲ ಗಾಳಿ ತಾಕಿ ಅದು ಕೆಡಾಕ ಹತ್ತಿ ಹಿಟ್ಟು ಕಹಿ ಬರ್ತೈತಿ. ಗೋಧಿಗೆ ತನ್ನದೇ ಅಂಟು ಐತಿ, ಜೋಳಕ್ಕ ಅದಿಲ್ಲ. ಕುದಿಯೋ ನೀರು ಹಾಕಿ ನಾದಿದ್ರ ಹಿಟ್ಟಿನ ಪಿಷ್ಟ ಬೆಂದು ಜಿಗಿ ಬರ್ತೈತಿ, ಆ ಜಿಗಿ ಮ್ಯಾಲೇ ರೊಟ್ಟಿ ಬಡೀಬೇಕು. ಹಳಿ ಹಿಟ್ಟಿಗೆ ಜಿಗಿ ಬರೋದಿಲ್ಲ, ಅಂಚಿನಾಗ ಹರ್ಕೊಂಡು ಹೋಗ್ತೈತಿ. ಅದಕ್ಕ ನಮ್ಮ ಕಡೆ ಜೋಳ ತಗೊಂಡು ಗಿರಣಿಗೆ ಹಾಕ್ತೀವಿ, ಎಂಟತ್ತು ದಿನಕ್ಕ ಆಗೋವಷ್ಟು. ಕಿರಾಣಿ ಅಂಗಡಿ ಸನಿಹನೇ ಗಿರಣಿ ಇರೋದು ಯಾಕಂತ ಮಾಡೀದಿ?

ಅಳಿಯ: ಜೋಳದಾಗೂ ತರತರ ಇರ್ತಾವೇನು?

ಅತ್ತಿ: ಹಿಂಗಾರಿ ಬಿಳಿಜೋಳ ಬ್ಯಾರೆ, ಮುಂಗಾರಿ ಹೈಬ್ರಿಡ್ ಬ್ಯಾರೆ. ಮುಂಗಾರಿ ಜೋಳ ತೆನಿ ಕಟ್ಟೋ ಹೊತ್ತಿಗೆ ಮಳಿ ಹೊಡೀತಂದ್ರ ಬೂಸ್ಟು ಹತ್ತಿ ಕಾಳು ಕಪ್ಪಾಗ್ತೈತಿ. ಹಿಂಗಾರಿದು ಎರಿ ಹೊಲದಾಗ ಉಳಿದ ತೇವದ ಮ್ಯಾಲ, ಛಳಿಯಾಗ ಬೆಳೀತೈತಿ. ಕಾಳು ದುಂಡಗ, ಮುತ್ತಿನ ಹೊಳಪು. ಮಾಲ್ದಂಡಿ ಅಂತ ಕೇಳು, ತೋರಿಸ್ತಾರ. ಹಂಗ ಕೇಳಿ ಸುಮ್ಮನ ತಗೊಂಡು ಬರೋದಲ್ಲ ಮತ್ತ. ಮೂಟಿಯೊಳಗ ಮೊಳಕೈ ತನಕ ಕೈ ಹಾಕಿ ಕೆಳಗಿನ ಕಾಳು ತೆಗೀಬೇಕು. ಮ್ಯಾಲಿನ ಕಾಳು ಎಲ್ಲ ಅಂಗಡ್ಯಾಗೂ ಚಂದನೇ ಇರ್ತಾವ. ನಾಕು ಕಾಳು ಹಲ್ಲಿಗೆ ಹಾಕಿ ಕಡೀಬೇಕು. ಕಟ್ ಅಂದ್ರ ಒಣಗೈತಿ, ಮೆತ್ತಗ ಆದ್ರ ತೇವ ಐತಿ, ತೂಕ ನಿನಗ ಹೊರಿಸಾಕ ಹತ್ಯಾರ ಅಂತ ಅರ್ಥ.

ಅಳಿಯ: ಅಕ್ಕಿ?

ಅತ್ತಿ: ಅಕ್ಕಿ ಅಂದ್ರ ಮಾನ್ವಿ, ಸಿರವಾರ, ಸಿಂಧನೂರು. ಸೋನಾಮಸೂರಿ ಅಂತ ಕೇಳ್ತಿ, ಅವ್ರು ಬಿಪಿಟಿ ಕೊಡ್ತಾರ. ಅದು ಬಾಪಟ್ಲಾದ ಸಂಶೋಧನಾ ಕೇಂದ್ರದ್ದು, 1986ರಾಗ ಬಂದ 5204 ನಂಬರಿನ ತಳಿ. ಕೆಟ್ಟದ್ದೇನಲ್ಲ, ನೀವೆಲ್ಲ ಅದನ್ನ ಉಂಡೇ ಬೆಳದೀರಿ. ಈಗ ಶುಗರ್ ಇದ್ದವ್ರು ಆರ್‌ಎನ್‌ಆರ್ ಕೇಳ್ತಾರ, ಹೈದರಾಬಾದಿನ ರಾಜೇಂದ್ರನಗರದ್ದು. ಹೆಸರಿಗಿಂತ ಮುಖ್ಯ ಅಕ್ಕಿ ವಯಸ್ಸು. ಹೊಸ ಅಕ್ಕಿ ಅನ್ನ ಮುದ್ದಿ ಆಗ್ತೈತಿ. ವರ್ಷ ತುಂಬಿದ ಅಕ್ಕಿ ಹೆಚ್ಚು ನೀರು ಕುಡಿದು ಉದುರುದುರಾಗಿ ಅರಳ್ತೈತಿ, ಅದೇ ಬೊಗಸಿ ಅಕ್ಕಿಗೆ ಅನ್ನ ಹೆಚ್ಚಿಗಿ ಆಗ್ತೈತಿ. ಅದಕ್ಕ ಹಳೇದಕ್ಕ ಬೆಲಿ ಹೆಚ್ಚು. ನಿನ್ನ ಫೋನಿನಾಗ ‘ಹಳಿ ಅಕ್ಕಿ’ ಅಂತ ಬರೆದಿರ್ತೈತಿ, ಎಷ್ಟು ಹಳೇದು ಅಂತ ಯಾರನ್ನ ಕೇಳ್ತಿ? ಇಲ್ಲಿ ಕೇಳ್ತೀನಿ. ಸುಳ್ಳು ಹೇಳಿದ್ರ ಮುಂದಿನ ತಿಂಗಳು ಅನ್ನದ ಗಡಿಗಿ ಹೊತ್ಕೊಂಡು ಹೋಗಿ ಅವ್ರ ಗಲ್ಲಾ ಮುಂದ ಇಡ್ತೀನಿ.

ಅಳಿಯ: ನೀ ಇಟ್ಟಿ ಅಂದ್ರ ಇಟ್ಟೇ ಬಿಡ್ತಿ. ಆದ್ರ ಈಗ ಅಕ್ಕಿ ರೇಷನ್ನಿನಾಗೇ ಬರ್ತೈತಲ್ಲ.

ಅತ್ತಿ: ಬರ್ತೈತಿ. 2013ರ ಜುಲೈನಾಗ ಅನ್ನಭಾಗ್ಯ ಬಂದ ಮ್ಯಾಲ ಉಪವಾಸ ಮಲಗೋದು ತಪ್ಪಿತು, ಅದರಾಗ ಎರಡು ಮಾತಿಲ್ಲ. ಕಿರಾಣಿಯವ್ರ ಕಡಿಮಿ ಬೆಲಿ ಅಕ್ಕಿ ವ್ಯಾಪಾರ ಕುಂತು ಹೋತು. ರೇಷನ್ ಅಕ್ಕಿ ಎಲ್ಲಿಂದ ಎಲ್ಲಿಗೆ ತಿರುಗಿ ಬರ್ತೈತಿ ಅನ್ನೋ ಕತಿ ಬ್ಯಾರೆ, ಅದನ್ನ ಈಗ ತೆಗೀಬ್ಯಾಡ. ಬರಿ: ಒಣ ಮೆಣಸಿನಕಾಯಿ, ಬ್ಯಾಡಗಿ ಒಂದು ಕಿಲೋ, ಗುಂಟೂರು ಅರ್ಧ ಕಿಲೋ.

ಅಳಿಯ: ಎರಡ್ಯಾಕ? ಖಾರದಪುಡಿ ಪ್ಯಾಕೆಟ್ ತಂದ್ರಾಗೋದಿಲ್ಲೇನು?

ಅತ್ತಿ: ಬ್ಯಾಡಗಿ ಬಣ್ಣಕ್ಕ, ಗುಂಟೂರು ಖಾರಕ್ಕ. ಎರಡೂ ಕೂಡಿಸಿ ಕುಟ್ಟಿಸಿದ್ರ ಶೇಂಗಾ ಹಿಂಡಿಗೂ ಬರ್ತೈತಿ, ಎಣಗಾಯಿಗೂ ಬರ್ತೈತಿ. ದೇವದುರ್ಗದ ರೈತರು ಮೆಣಸಿನಕಾಯಿ ಬೆಳೆದು ಬ್ಯಾಡಗಿ ಮಾರುಕಟ್ಟಿಗೆ ಒಯ್ತಾರ, ನಾವು ಅಲ್ಲಿಂದ ತಿರುಗಿ ಬಂದಿದ್ದನ್ನ ತಗೋತೀವಿ. ನಡುವ ಲಾರಿ ಬಾಡಿಗಿ ಯಾರು ತಿಂದ್ರು ಅಂತ ಕೇಳಬ್ಯಾಡ.

ಅಳಿಯ: ಅದನ್ನೇ ಕೇಳಬೇಕಾಗಿತ್ತು ನಾನು. ದೇವದುರ್ಗದ ಅಂಗಡ್ಯಾಗ ರಾಯಚೂರಿಗಿಂತ ಬೆಲಿ ಹೆಚ್ಚು ಯಾಕ?

ಅತ್ತಿ: ರಾಯಚೂರಿಗೆ ರೈಲು ಬಂತು, ದೇವದುರ್ಗಕ್ಕ ಬರಲಿಲ್ಲ. 1871ರಾಗ ಮುಂಬೈ ಕಡೆ ಹಳಿಯೂ ಮದ್ರಾಸ್ ಕಡೆ ಹಳಿಯೂ ರಾಯಚೂರಿನಾಗ ಕೂಡಿದವು. ಶೇಂಗಾ, ಹತ್ತಿ, ಬ್ಯಾಳಿ ವ್ಯಾಪಾರ ಇಲ್ಲಿ ಬೇರು ಬಿಟ್ಟಿತು. ಮಾರವಾಡಿ, ಗುಜರಾತಿ, ಕೋಮಟಿ ಮನೆತನಗಳು ಬಂದು ನೆಲಿ ನಿಂತವು. ಇವತ್ತಿಗೂ ರಾಜೇಂದ್ರ ಗಂಜ್‌ನಾಗ ಬೆಳಗ್ಗೆ ನಿಂತ್ರ ಕನ್ನಡ, ತೆಲುಗು, ದಖನಿ ಮೂರೂ ಒಂದೇ ಉಸಿರಿನಾಗ ಕೇಳ್ತಾವ. ದೇವದುರ್ಗದ ಸಣ್ಣ ಅಂಗಡಿಯವ್ರು ಇಲ್ಲಿಂದ ಒಯ್ಬೇಕು. ಅಲ್ಲಿಂದ ಗಬ್ಬೂರು, ಜಾಲಹಳ್ಳಿ, ಅರಕೇರಾ ಕಡೆ ಹಳ್ಳಿ ಅಂಗಡಿಗಳಿಗೆ ಇನ್ನೊಂದು ಕೈ. ಪ್ರತಿ ಕೈಗೂ ಒಂದೀಟು ಅಂಟ್ಕೋತೈತಿ.

ಅಳಿಯ: ನಮ್ಮ ಕಂಪನಿಗೆ ಆ ನಡುವಿನ ಕೈಗಳಿಲ್ಲ. ಅದಕ್ಕ ಕಡಿಮಿ ಬೆಲಿಗೆ ಕೊಡ್ತೀವಿ. ಎಂಆರ್‌ಪಿ ಮ್ಯಾಲ ಹತ್ತು ರೂಪಾಯಿ, ಹದಿನೈದು ರೂಪಾಯಿ ಇಳಿಸಿರ್ತೈತಿ. ನಿಮ್ಮ ಸಾವಕಾರ್ರು ಅಚ್ಚಾದ ಬೆಲಿಗಿಂತ ಒಂದು ಪೈಸಾ ಇಳಿಯೋದಿಲ್ಲ.

ಅತ್ತಿ: ಸಾಬೂನು, ಟೂತ್‌ಪೇಸ್ಟಿನಾಗ ನೀ ಹೇಳಿದ್ದು ಸರಿ. ಎಣ್ಣಿಯಾಗ ಹುಷಾರಿರು. ಒಂದು ಲೀಟರ್ ಅಡಿಗಿ ಎಣ್ಣಿ ತೂಕ 910 ಗ್ರಾಂ. ಈಗ ಲೀಟರಿನ ಪ್ಯಾಕೆಟ್ಟಿನಂಗೇ ಕಾಣೋ 800, 850 ಗ್ರಾಮಿನ ಪ್ಯಾಕೆಟ್ ಬಂದಾವ. ಮೊದಲು ಎಣ್ಣಿ, ಬಿಸ್ಕೀಟು, ಚಾಪುಡಿ ಇಷ್ಟಿಷ್ಟೇ ತೂಕದಾಗ ಕಟ್ಟಬೇಕು ಅಂತ ಕಾಯ್ದೆ ಇತ್ತು. ಅದನ್ನ ತೆಗೆದು ಗ್ರಾಮಿಗೆ ಎಷ್ಟು ಬೆಲಿ ಅಂತ ಅಚ್ಚು ಹಾಕ್ರಿ ಅಂದಾರ. ಅಚ್ಚು ಹಾಕ್ಯಾರ, ಇರುವಿ ಕಾಲಿನಷ್ಟು ದೊಡ್ಡದಾಗಿ. ಐದು ರೂಪಾಯಿ ಬಿಸ್ಕೀಟು ಐದೇ ರೂಪಾಯಿ ಉಳಿದು ಒಳಗಿನ ಬಿಸ್ಕೀಟು ತೆಳ್ಳಗಾಗಿದ್ದು ನಿನಗ ಗೊತ್ತೇ ಐತಿ. ಫೋನಿನಾಗಿನ ಇಳಿದ ಬೆಲಿ ನೋಡೋದಕ್ಕಿಂತ ಮೊದಲು ತೂಕ ನೋಡು.

ಅಳಿಯ: ತೂಕದ ಮಾತು ನೀ ಎತ್ತಬಾರದಾಗಿತ್ತು. ತಕ್ಕಡಿ ಕೆಳಗ ಹುಣಸಿಹಣ್ಣು ಅಂಟಿಸಿದ ಕತಿ ಯಾವ ಊರಾಗಿಲ್ಲ?

ಅತ್ತಿ: ಎಲ್ಲ ಊರಾಗೂ ಐತಿ. ನಮ್ಮಪ್ಪನ ಕಾಲಕ್ಕ ಇನ್ನೂ ಗೊಂದಲ. ಸೇರು, ಪಾವು, ಚಟಾಕು, ಮ್ಯಾಲ ನಿಜಾಮನ ಹಾಲಿ ಸಿಕ್ಕಾ ರೂಪಾಯಿ. ಏಳು ಹಾಲಿ ಸಿಕ್ಕಾಕ್ಕ ಆರು ಇಂಗ್ಲಿಷ್ ರೂಪಾಯಿ. ಸಾಲಿ ಕಲೀದವ್ರು ಈ ಲೆಕ್ಕದಾಗೇ ಅರ್ಧ ಮುಳುಗ್ತಿದ್ರು. 1956ರ ನವೆಂಬರಿನಾಗ ರಾಯಚೂರು ಮೈಸೂರು ರಾಜ್ಯಕ್ಕ ಸೇರಿತು, ಮುಂದಿನ ವರ್ಷ ನಯಾಪೈಸೆ ಬಂತು, ಅದರ ಹಿಂದ ಕಿಲೋ ಬಂತು. ಈಗ ಕರೆಂಟಿನ ಮಷಿನ್. ವರ್ಷಕ್ಕೊಮ್ಮಿ ತೂಕ ಮತ್ತು ಅಳತೆ ಇಲಾಖೆಯ ಮುದ್ರಿ ಬೀಳಬೇಕು ಅದಕ್ಕ. ನಾ ಮುದ್ರಿ ನೋಡ್ತೀನಿ, ಚೀಲ ಇಡೋ ಮೊದಲು ಸೊನ್ನಿ ಐತೋ ಇಲ್ಲೋ ನೋಡ್ತೀನಿ. ಅಷ್ಟು ನೋಡಿದ ಗಿರಾಕಿಗೆ ಅವ್ರು ತಾವಾಗೇ ಒಂದು ಹಿಡಿ ಕೊಸರು ಹಾಕ್ತಾರ.

ಅಳಿಯ: ನೋಡದ ಗಿರಾಕಿಗೆ?

ಅತ್ತಿ: ಅಲ್ಲೇ ಬ್ಯಾನಿ ಇರೋದು. ನೋಡಾಕ ಬಾರದ ಗಿರಾಕಿ ಅಂತ ಒಬ್ರದಾರ. ಉದ್ರಿಯವ್ರು.

ಅಳಿಯ: ಉದ್ರಿ ವಿಷಯಕ್ಕ ಬಂದಿ ಅಂದ್ರ ನೀ ಅಂಗಡಿ ಹೊಗಳಾಕ ಹತ್ತತಿ ಅಂತ ಮಾಡಿದ್ದೆ.

ಅತ್ತಿ: ಹೊಗಳೋದೂ ಐತಿ, ಬಯ್ಯೋದೂ ಐತಿ. ಮೊದಲು ಹೊಗಳ್ತೀನಿ. ದೇವದುರ್ಗದ ಹಳ್ಳಿಗಳಾಗ, ತಾಂಡಾಗಳಾಗ ಮಳಿ ಕೈಕೊಟ್ಟ ವರ್ಷ ದೀಪಾವಳಿ ಮುಗೀತಂದ್ರ ಜನ ಗುಳೆ ಹೊರಡ್ತಾರ. ಬೆಂಗಳೂರು, ಪುಣೆ, ಹೈದರಾಬಾದು. ನಿನ್ನ ಗೋದಾಮಿನ ಆಜುಬಾಜು ಏಳೋ ಕಟ್ಟಡಗಳಾಗ ಇಟ್ಟಂಗಿ ಹೊರೋರನ್ನ ಮಾತಾಡಿಸಿ ನೋಡು, ನಿನ್ನ ಭಾಷಿನೇ ಆಡ್ತಾರ. ಅವ್ರು ಹೊರಟಾಗ ಮನ್ಯಾಗ ಮುದುಕ್ರು, ಸಣ್ಣ ಹುಡುಗ್ರು ಉಳೀತಾರ. ಅವ್ರ ಹೊಟ್ಟಿಗೆ ಯಾರು ದಿಕ್ಕು? ಅಂಗಡಿ ಖಾತೆ. ‘ಅವ್ವಗ ಬೇಕಾದ್ದು ಕೊಡ್ರಿ, ಬಂದು ತೀರಿಸ್ತೀನಿ’ ಅಂತ ಒಂದು ಮಾತು. ಸಹಿ ಇಲ್ಲ, ಜಾಮೀನು ಇಲ್ಲ. ಯುಗಾದಿಗೆ ತಿರುಗಿ ಬಂದ ಮ್ಯಾಲ ತೀರಿಸ್ತಾರ. ಈಗ ಅಷ್ಟೂ ಕಾಯೋದಿಲ್ಲ. ಮಗ ಬೆಂಗಳೂರಿನಿಂದ ಸಾವಕಾರ್ರ ಫೋನಿಗೇ ರೊಕ್ಕ ಹಾಕ್ತಾನ, ಸಾವಕಾರ್ರು ಅರ್ಧ ಖಾತೆಗೆ ಜಮಾ ಮಾಡಿ ಅರ್ಧ ಅವ್ವನ ಕೈಗೆ ಗುಳಿಗಿ-ಔಷಧಕ್ಕ ಅಂತ ಕೊಡ್ತಾರ. ಯಾವ ಬ್ಯಾಂಕು ಮಾಡ್ತೈತಿ ಈ ಕೆಲಸ?

ಅಳಿಯ: ಸರಿ.

ಅತ್ತಿ: ಮಾನ್ವಿ ಕಡೆ ಉದ್ರಿ ಇನ್ನೊಂದು ನಮೂನಿ, ಅಲ್ಲಿ ಅದು ಕಾಲುವಿ ನೀರಿನ ಮ್ಯಾಲ ನಿಂತೈತಿ. ಕಾಲುವಿಗೆ ನೀರು ಬಿಟ್ರು ಅಂದ್ರ ಅಂಗಡಿಯವ್ರು ಕೈ ಸಡಿಲ ಬಿಡ್ತಾರ, ಭತ್ತ ಬಂದಾಗ ತೀರಿಸ್ತಾರ ಅಂತ. ಕೊನೀ ಭಾಗದ ಊರಿಗೆ ನೀರು ಮುಟ್ಟಲಿಲ್ಲ ಅಂದ್ರ ಕೈ ಬಿಗಿ ಹಿಡೀತಾರ. 2024ರ ಆಗಸ್ಟಿನಾಗ ತುಂಗಭದ್ರಾ ಡ್ಯಾಮಿನ 19ನೇ ಗೇಟು ಕೊಚ್ಚಿಕೊಂಡು ಹೋತಲ್ಲ, ಆಗ ರೈತರ ಜೋಡಿ ಕಿರಾಣಿಯವ್ರೂ ಟಿವಿ ಮುಂದ ಕುಂತಿದ್ರು. ಅವ್ರ ವಹಿಯಾಗಿನ ರೊಕ್ಕ ಆ ನೀರಿನಾಗೇ ಇತ್ತು. 2016ರ ನವೆಂಬರ್ 8ರ ರಾತ್ರಿ 500, 1000ದ ನೋಟು ರದ್ದಾದ ಮ್ಯಾಲ ಊರಿಗೂರೇ ಉದ್ರಿ ಮ್ಯಾಲ ಉಂಡಿದ್ದು ನೆನಪೈತಿ. 2020ರ ಲಾಕ್‌ಡೌನಿನಾಗ ಅರ್ಧ ಬಾಗಿಲಾ ತೆಗೆದು ಕೊಟ್ಟವ್ರೂ ಇವ್ರೇ.

ಅಳಿಯ: ಇನ್ನ ಬಯ್ಯಿ.

ಅತ್ತಿ: ಬಾಕಿ ಇದ್ದವ್ರ ಬಾಯಿ ಕಟ್ಟಿರ್ತೈತಿ. ಉದ್ರಿ ಒಯ್ಯೋರು ಮೂಟಿಯೊಳಗ ಮೊಳಕೈ ತನಕ ಕೈ ಹಾಕೋದಿಲ್ಲ, ಹುಳಾ ಬಿದ್ದ ಬ್ಯಾಳಿ ತಿರುಗಿ ಒಯ್ಯೋದಿಲ್ಲ, ಇನ್ನೊಂದು ಅಂಗಡ್ಯಾಗ ಬೆಲಿ ಕೇಳಾಕ ಹೋಗೋದಿಲ್ಲ. ಬರಕೊಳ್ಳೋ ಪೆನ್ನು ಒಂದೇ ಕಡೆ ಐತಿ. ಓದಾಕ ಬಾರದವ್ರ ಖಾತ್ಯಾಗ ಏನು ಏರೈತಿ ಅಂತ ಅವ್ರಿಗೆ ಹ್ಯಾಂಗ ಗೊತ್ತಾಗಬೇಕು? ಸಾಲಿ ಹುಡುಗ್ರು ಕೂಡಿಸೋ ಲೆಕ್ಕ ಕಲಿತ ಮ್ಯಾಲ ಮನಿ ಉದ್ರಿ ಚೀಟಿ ತಂದು ನನ್ನ ಕಡೆ ತಾಳೆ ನೋಡಿಸ್ತಿದ್ರು. ಬಹಳಷ್ಟು ಸರಿ ಇರ್ತಿತ್ತು. ಕೆಲವು ಇರ್ತಿದ್ದಿಲ್ಲ.

ಅಳಿಯ: ಬಡ್ಡಿ ಇಲ್ಲ ಅಂತಾರ, ಆದ್ರ ಬೆಲಿಯೊಳಗ ಸೇರಿಸಿರ್ತಾರ. ಅದೂ ಅಲ್ಲದ ಹತ್ತು ರೂಪಾಯಿ ಬ್ಯಾಳಿ, ಐದು ರೂಪಾಯಿ ಎಣ್ಣಿ ತಗೊಳ್ಳೋರು ಕಿಲೋ ಲೆಕ್ಕದಾಗ ನಿನಗಿಂತ ಹೆಚ್ಚು ಕೊಡ್ತಾರ. ಬಡವ್ರ ಸಂತಿನೇ ತುಟ್ಟಿ.

ಅತ್ತಿ: ತುಟ್ಟಿನೇ. ಆದ್ರ ದಿನಗೂಲಿ ದಿನಾ ಬರ್ತೈತಿ, ಸಂತಿನೂ ದಿನಾ ಮಾಡಬೇಕಾಗ್ತೈತಿ. ತಿಂಗಳ ಸಾಮಾನು ಒಮ್ಮಿಗೇ ತಗೊಳ್ಳಾಕ ಒಮ್ಮಿಗೇ ರೊಕ್ಕ ಬೇಕಲ್ಲ. ಈಗೀಗ ಗೃಹಲಕ್ಷ್ಮಿಯ 2000 ರೂಪಾಯಿ ಹೆಣ್ಣುಮಕ್ಕಳ ಖಾತೆಗೇ ಬೀಳಾಕ ಹತ್ತಿದ ಮ್ಯಾಲ ಒಂದಿಷ್ಟು ಬದಲಾಗೈತಿ. ಗಂಡನ್ನ ಕೇಳದ ಹಳಿ ಬಾಕಿ ತೀರಿಸಿ, ನಗದು ಕೊಟ್ಟು, ಬೆಲಿ ಕೇಳಿ ತಗೊಳ್ಳೋ ಧೈರ್ಯ ಬಂದೈತಿ. ಕಂತು ತಡ ಆತಂದ್ರ ಮತ್ತ ವಹಿ ದಪ್ಪ ಆಗ್ತೈತಿ, ಆ ಮಾತು ಬ್ಯಾರೆ. ಒಂದಂತೂ ಹೇಳ್ತೀನಿ: ಕಿರಾಣಿ ಉದ್ರಿ ಕೇಳಾಕ ಬಂದು ಯಾರೂ ಮನಿ ಮುಂದ ಕುಂತು ಮಾನ ಕಳೀಲಿಲ್ಲ. ವಾರದ ಕಂತಿನ ಸಾಲದವ್ರು ಕಳೆದ್ರು. ಅದಕ್ಕ 2025ರ ಫೆಬ್ರುವರಿಯಾಗ ಸರ್ಕಾರ ಸುಗ್ರೀವಾಜ್ಞೆ ತರಬೇಕಾತು.

ಅಳಿಯ: ಅತ್ತಿ, ನನಗ ಇನ್ನೊಂದು ಮಾತು ಹೇಳಬೇಕಾಗೈತಿ. ನಮ್ಮ ಗೋದಾಮಿನಾಗ ಸಾಮಾನು ಕಟ್ಟೋ ಹುಡುಗನೊಬ್ಬ ಮಾನ್ವಿ ಕಡೆಯವ. ಅವ ಅಂದ: ‘ಅಣ್ಣ, ಬೆಂಗಳೂರಿನ ಮಾರ್ಟಿಗೆ ಮೊದಲ ಸಲ ಹೋದಾಗ ನಾ ಏನೂ ತಗೊಳ್ಳಲಿಲ್ಲ. ಸುಮ್ನ ಎಲ್ಲಾ ಮುಟ್ಟಿ ಮುಟ್ಟಿ ಇಟ್ಟು ಬಂದೆ.’

ಅತ್ತಿ: ...ಯಾವ ಕೇರಿ ಹುಡುಗ ಅಂತ ಕೇಳಬೇಕಾಗಿಲ್ಲ.

ಅಳಿಯ: ನಾನೂ ಕೇಳಲಿಲ್ಲ.

ಅತ್ತಿ: ನಾ ಕೆಲಸಕ್ಕ ಸೇರಿದ ಊರಾಗ ಅಂಗಡಿಗೆ ಎತ್ತರದ ಕಟ್ಟಿ ಇತ್ತು. ಕೆಲವರು ಆ ಕಟ್ಟಿ ಹತ್ತುತಿದ್ದಿಲ್ಲ. ಕೆಳಗ ನಿಂತು ರೊಕ್ಕ ಕಟ್ಟಿ ಮ್ಯಾಲ ಇಟ್ಟು ದೂರ ಸರೀತಿದ್ರು. ಪೊಟ್ಟಣ ಮ್ಯಾಲಿಂದ ಅವ್ರ ಸೆರಗಿಗೆ ಬೀಳ್ತಿತ್ತು. ನಾ ಕ್ಲಾಸಿನಾಗ ಸಂವಿಧಾನದ 15ನೇ ವಿಧಿ ಪಾಠ ಮಾಡ್ತಿದ್ದೆ. ಅಂಗಡಿ ಪ್ರವೇಶಕ್ಕ ಜಾತಿ ಕಾರಣಕ್ಕ ಯಾರನ್ನೂ ತಡೀಬಾರದು ಅಂತ ಅದರಾಗ ಅಂಗಡಿ ಹೆಸರು ಹಿಡಿದೇ ಬರೆದಾರ. ಹೋಟೆಲ್ಲು, ಬಾವಿ, ಕೆರಿ, ಸ್ನಾನಘಟ್ಟ, ರಸ್ತೆ ಎಲ್ಲದರ ಹೆಸರೂ ಐತಿ. ಅಂಬೇಡ್ಕರರು ಊರು ನೋಡಿದವ್ರು. ಹೆಸರಿಡದಿದ್ರ ‘ಇದು ನಮ್ಮ ಖಾಸಗಿ ಕಟ್ಟಿ’ ಅಂತ ವಾದ ಹೂಡೋ ಮಂದಿ ಇದಾರ ಅಂತ ಅವ್ರಿಗೆ ಗೊತ್ತಿತ್ತು. ಪಾಠ ಮುಗಿಸಿ ಹೊರಗ ಬಂದ್ರ ನನ್ನ ಕ್ಲಾಸಿನ ಹುಡುಗಿನೇ ಕಟ್ಟಿ ಕೆಳಗ ಸೆರಗು ಒಡ್ಡಿ ನಿಂತಿರ್ತಿದ್ದಳು.

ಅಳಿಯ: ಈಗ?

ಅತ್ತಿ: ರಾಯಚೂರಿನಾಗ ಯಾರು ಬೇಕಾದ್ರೂ ಒಳಗ ಬರ್ತಾರ, ಮೂಟ್ಯಾಗ ಕೈ ಹಾಕ್ತಾರ. ಹಳ್ಳಿಗಳಾಗೂ ಎಷ್ಟೋ ಕಡೆ ಹೋಗೈತಿ, ಕೇರಿಯವ್ರೇ ಅಂಗಡಿ ಇಟ್ಟಾರ. ಪೂರಾ ಹೋಗೈತಿ ಅಂತ ನಾ ಹೇಳೋದಿಲ್ಲ. ಓಣಿ ಅಂಗಡಿ ಮುಖ ಗುರುತಿಸ್ತೈತಿ ಅಂತ ನಾ ಇಷ್ಟೊತ್ತು ಹೊಗಳಿದೆ ಅಲ್ಲ, ಆ ಗುರುತು ಹಿಡಿಯೋ ಕಣ್ಣೇ ಕುಲಾನೂ ಗುರುತು ಹಿಡೀತೈತಿ. ನಿನ್ನ ಮಾರ್ಟಿಗೆ ಆ ಕಣ್ಣಿಲ್ಲ. ಆ ಹುಡುಗ ಎಲ್ಲಾ ಮುಟ್ಟಿ ಬಂದದ್ದು ಸಣ್ಣ ಮಾತಲ್ಲ. ಅದರ ಮುಂದ ನನ್ನ ಊದು, ಲಾಡಿ ಎಲ್ಲಾ ಹಗುರ ಆಗ್ತಾವ.

ಅಳಿಯ: ಹೆಣ್ಣುಮಕ್ಕಳೂ ಅದನ್ನೇ ಅಂತಾರ. ಪ್ಯಾಡ್ ಕೇಳಿದ್ರ ಅಂಗಡಿಯವ್ರು ಪೇಪರಿನಾಗ ಸುತ್ತಿ, ಮ್ಯಾಲ ಕರೀ ಚೀಲಕ್ಕ ಹಾಕಿ, ಕಳ್ಳ ಮಾಲು ಕೊಟ್ಟಂಗ ಕೊಡ್ತಾರ. ಫೋನಿಗೆ ನಾಚಿಕಿ ಇಲ್ಲ.

ಅತ್ತಿ: ನಾ ಸುತ್ತಬ್ಯಾಡ್ರಿ ಅಂತ ಹೇಳಿ ಕೈಯಾಗೇ ಹಿಡ್ಕೊಂಡು ಬರ್ತೀನಿ. ವಯಸ್ಸಾದವ್ರಿಗೆ ಅದು ಸಲೀಸು. ಹದಿನಾಲ್ಕರ ಹುಡುಗಿಗೆ ಸಲೀಸಲ್ಲ, ಗೊತ್ತೈತಿ. ಸಾವಕಾರ್ರ ಹೆಂಡ್ತಿ ಗಲ್ಲಾಕ್ಕ ಕುಂತ ಅಂಗಡಿಗೆ ಹುಡುಗ್ಯಾರು ತಾವಾಗೇ ಹೋಗ್ತಾರ, ಅಷ್ಟು ದೂರ ಆದ್ರೂ.

ಅಳಿಯ: ಹಂಗಾದ್ರ ಯಾದಿ ಎರಡು ಮಾಡೋಣ. ಅರ್ಧ ಫೋನಿಗೆ, ಅರ್ಧ ಓಣಿಗೆ.

ಅತ್ತಿ: ಮಾಡು. ಸಾಬೂನು, ಪೇಸ್ಟು, ಚಾಪುಡಿ, ಪ್ಯಾಕೆಟ್ ಎಣ್ಣಿ ಎಲ್ಲಿ ಕಡಿಮಿ ಅಲ್ಲಿ ತಗೋ, ತೂಕ ಓದಿ ತಗೋ. ಕಂಪನಿ ಮುದ್ರಿ ಇದ್ದದ್ದು ಎಲ್ಲಿ ತಗೊಂಡ್ರೂ ಅದೇ.

ಅಳಿಯ: ಎಲ್ಲರೂ ಹಂಗ ಮಾಡಿದ್ರ ಓಣಿ ಅಂಗಡಿ ಉಳೀತೈತೇನು?

ಅತ್ತಿ: ಸಾಬೂನಿನಾಗ ಅವ್ರಿಗೆ ಉಳಿಯೋದು ಬಿಡಿಗಾಸು. ಗಿಟ್ಟೋದು ಜೋಳ, ಹಳಿ ಅಕ್ಕಿ, ಮೆಣಸಿನಕಾಯಿ, ಮಸಾಲಿ, ಉತ್ತತ್ತಿಯಾಗ. ಅದನ್ನ ನಾವು ಅಲ್ಲೇ ತಗೊಂಡ್ರ, ಅದೂ ನಗದು ಕೊಟ್ಟು ತಗೊಂಡ್ರ ಉಳೀತಾವ. ಸಂಬಳ ಬರೋರು ತಿಂಗಳುಗಟ್ಲೆ ಉದ್ರಿ ಹಚ್ಚಬಾರದು. ಸಾವಕಾರ್ರ ಕೈಯಾಗಿನ ಆ ರೊಕ್ಕ ಗುಳೆ ಹೋದವ್ರ ಅವ್ವಗ ಬೇಕಾಗಿರ್ತೈತಿ. ನನಗ ಹೆಚ್ಚಿನ ಚಿಂತಿ ಸಾವಕಾರ್ರ ಮಕ್ಕಳದು. ಎಂಜಿನಿಯರ್ ಆಗಿ ನಿನ್ನಂಗ ಬೆಂಗಳೂರು ಸೇರ್ಯಾರ. ಮೂಟಿ ಜೋಳ ಮುಟ್ಟಿ ಯಾವ ಸೀಮಿದು ಅಂತ ಹೇಳೋ ಬುದ್ಧಿ ವಹಿಯಾಗ ಬರೆದಿಟ್ಟಿಲ್ಲ, ಅದು ಅಪ್ಪನ ಜೋಡಿ ಅಂಗಡ್ಯಾಗ ಕುಂತವ್ರಿಗಷ್ಟೇ ಬರೋದು.

ಅಳಿಯ: ಸಾವಕಾರ್ರಿಗೆ ಏನಾದ್ರೂ ಹೇಳೋದೈತೇನು? ನಾನೇ ಹೋಗಿ ಬರ್ತೀನಿ ಸಂತಿಗೆ.

ಅತ್ತಿ: ಅವ್ರಿಗಷ್ಟೇ ಅಲ್ಲ, ರಾಯಚೂರು, ಮಾನ್ವಿ, ದೇವದುರ್ಗದ ಎಲ್ಲ ಕಿರಾಣಿಯವ್ರಿಗೂ ಹೇಳೋದೈತಿ. ತೂಕದ ಮಷಿನ್ನಿನ ಅಂಕಿ ಗಿರಾಕಿ ಕಡೆ ತಿರುಗಿಸಿ ಇಡ್ರಿ. ಜೋಳ, ಬ್ಯಾಳಿ, ಅಕ್ಕಿ ಬೆಲಿ ಹಲಗಿ ಮ್ಯಾಲ ಬರೀರಿ, ಉದ್ರಿಗೂ ನಗದಿಗೂ ಒಂದೇ ಬೆಲಿ ಇರ್ಲಿ. ಉದ್ರಿ ಬರೆದ ಕೂಡ್ಲೇ ಅದೇ ಲೆಕ್ಕದ ಚೀಟಿ ಗಿರಾಕಿ ಕೈಗೂ ಕೊಡ್ರಿ.